ಅಡುಗೆಮನೆ ಕಬೋರ್ಡಿನ ಹಿಂಜ್, ಹ್ಯಾಂಡಲ್, ಚಾನೆಲ್ ಬದಲಾಯಿಸೋದು ಹೇಗೆ: ಅಳತೆಯಿಂದ ಫಿಟ್ಟಿಂಗ್‌ವರೆಗೆ

ಕಿಚನ್ ಕಬೋರ್ಡ್ ಬಾಗಿಲು ಜೋತು ಬಿದ್ದಿದೆ, ಡ್ರಾಯರ್ ಅರ್ಧಕ್ಕೇ ಸಿಕ್ಕಿಹಾಕ್ಕೊಳತ್ತೆ, ಹ್ಯಾಂಡಲ್ ಬಣ್ಣ ಹೋಗಿ ಕರ್ರಗಾಗಿದೆ, ಯಾವ ಕಂಪನಿದು ತಗೋಬೇಕು ಹೇಳಿ ಅಂತ ತುಂಬಾ ಜನ ಕೇಳ್ತಾನೇ ಇರ್ತಾರೆ. ಒಬ್ಬೊಬ್ರಿಗೂ ತುಂಡು ತುಂಡಾಗಿ ಉತ್ತರ ಕೊಡೋ ಬದಲು ಒಂದೇ ಕಡೆ ಪೂರ್ತಿ ಬರೀತಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಕಂಪನಿ ಯಾವ್ದು ಅನ್ನೋದು ಕೊನೇ ಪ್ರಶ್ನೆ. ಅದು ನಿಜವಾಗ್ಲೂ ಹಾಳಾಗಿದೆಯಾ ಅನ್ನೋದು ಮೊದಲನೇದು, ಅಳತೆ ಏನು ಅನ್ನೋದು ಎರಡನೇದು. ಈ ಎರಡೂ ಸರಿ ಇದ್ರೆ ಮಧ್ಯಮ ದರ್ಜೆ ಹಿಂಜ್ (ಬಾಗಿಲು ತಿರುಗೋ ಕೀಲು) ಕೂಡ ವರ್ಷಗಟ್ಲೆ ಬಾಳತ್ತೆ, ಅಳತೆ ತಪ್ಪಿದ್ರೆ ಎಷ್ಟೇ ದುಬಾರಿದು ತಂದು ಹಾಕಿ ಬಾಗಿಲು ಸರಿಯಾಗಿ ಮುಚ್ಚಲ್ಲ.

ಅಂಗಡಿಯವರೂ ಕಾರ್ಪೆಂಟರೂ ಬಳಸೋ ನಾಲ್ಕು ಪದ ತಿಳ್ಕೊಂಡಿರಿ, ಮುಂದೆ ಪೂರ್ತಿ ಅದೇ ಬರತ್ತೆ. ಶಟರ್ ಅಂದ್ರೆ ಕಬೋರ್ಡಿನ ಬಾಗಿಲು. ಕಾರ್ಕಸ್ ಅಂದ್ರೆ ಬಾಗಿಲು ಬಿಟ್ಟು ಉಳಿದ ಪೆಟ್ಟಿಗೆ, ಬರೀ ಬಾಕ್ಸ್ ಅಂತಾನೂ ಅಂತಾರೆ. ಆಟೋ ಹಿಂಜ್ ಅಂದ್ರೆ ಬಾಗಿಲು ಮುಚ್ಚಿದಾಗ ಹೊರಗೆ ಕಾಣಿಸದೇ ಇರೋ ಸ್ಪ್ರಿಂಗ್ ಹಿಂಜ್, ಸ್ವಲ್ಪ ತಳ್ಳಿದ್ರೆ ತಾನೇ ಮುಚ್ಕೊಳ್ಳತ್ತೆ, ಇದ್ರಲ್ಲಿ ಶಟರ್ ಒಳಗೆ ಕೂರೋ ದುಂಡು ಬಟ್ಟಲಿಗೆ ಕಪ್ ಅಂತಾರೆ, ಬಾಕ್ಸಿಗೆ ಸ್ಕ್ರೂ ಹೊಡೆಯೋ ಭಾಗಕ್ಕೆ ಪ್ಲೇಟ್. ಚಾನೆಲ್ ಅಂದ್ರೆ ಡ್ರಾಯರ್ ಜಾರೋ ಹಳಿ.

1. ಹಾಳಾಗಿರೋದು ಯಾವ್ದು ಅಂತ ಮೊದಲು ನೋಡಿ

ಶಟರ್ ತೆಗೆದು, ಹ್ಯಾಂಡಲ್ ಇರೋ ಕಡೆಯಿಂದ ಮೆತ್ತಗೆ ಮೇಲಕ್ಕೆ ಕೆಳಕ್ಕೆ ಆಡಿಸಿ, ಆಡಿಸ್ತಾ ಕಣ್ಣು ಹಿಂಜ್ ಮೇಲಿರ್ಲಿ. ಹಿಂಜ್ ಗಟ್ಟಿಯಾಗಿ ಕೂತಿದ್ದು ಬಾಗಿಲು ಮಾತ್ರ ಓರೆ ಕಾಣ್ತಿದ್ರೆ ಅದು ಅಡ್ಜಸ್ಟ್‌ಮೆಂಟ್ ಕೆಲಸ ಅಷ್ಟೇ, ಏನೂ ಕೊಳ್ಳೋದು ಬೇಡ, ನೇರವಾಗಿ 5ನೇ ಹಂತಕ್ಕೆ ಹೋಗಿ. ಹಿಂಜ್ ಜೊತೆ ಸ್ಕ್ರೂನೂ ಅಲ್ಲಾಡ್ತಿದ್ರೆ ತೊಂದ್ರೆ ಹಿಂಜ್‌ದಲ್ಲ, ಮರದ್ದು, ಸ್ಕ್ರೂ ತೂತು ದೊಡ್ಡದಾಗಿದೆ (ಇದರ ರಿಪೇರಿ 4ನೇ ಹಂತದಲ್ಲಿದೆ). ಇದಕ್ಕೆ ಹೊಸ ಹಿಂಜ್ ತಂದು ಅದೇ ತೂತಿಗೆ ಹೊಡೆದ್ರೆ ಸ್ವಲ್ಪ ದಿನದಲ್ಲೇ ಮತ್ತೆ ಅದೇ ಕಥೆ. ಹಿಂಜ್ ತೋಳೇ ಲೊಡ ಲೊಡ ಅಂತಿದೆ, ಸ್ಪ್ರಿಂಗ್ ಸತ್ತು ಬಾಗಿಲು ಮುಚ್ಕೊಳ್ತಿಲ್ಲ, ಇಲ್ಲಾ ತುಕ್ಕು ಹಿಡಿದು ಪುಡಿ ಉದುರ್ತಿದೆ ಅಂದ್ರೆ ಮಾತ್ರ ಹಿಂಜ್ ಬದಲಾಯಿಸೋ ಕಾಲ ಬಂದಿದೆ.

ಸಿಂಕ್ ಕೆಳಗಿನ ಕಬೋರ್ಡನ್ನ ಪ್ರತ್ಯೇಕವಾಗಿ ನೋಡಿ. ಅಲ್ಲಿ ಬಾಕ್ಸಿನ ಅಂಚನ್ನ ಉಗುರಲ್ಲಿ ಒತ್ತಿ, ಮೆತ್ತಗಿದ್ರೆ ಅಥವಾ ಉಬ್ಬಿದ್ರೆ ನೀರು ಕುಡಿದಿದೆ ಅಂತ. ಪಾರ್ಟಿಕಲ್ ಬೋರ್ಡ್ (ಮರದ ಚೂರನ್ನ ಅಂಟಲ್ಲಿ ಒತ್ತಿ ಮಾಡಿದ ಹಲಗೆ) ಮತ್ತೆ ಎಂಡಿಎಫ್ (ಮರದ ನಾರಿನ ಪುಡಿ ಒತ್ತಿ ಮಾಡಿದ ನುಣುಪು ಹಲಗೆ) ಒಂದ್ಸಲ ನೀರು ಕುಡಿದು ಉಬ್ಬಿದ್ರೆ ಆಮೇಲೆ ಸ್ಕ್ರೂ ಹಿಡಿಯಲ್ಲ. ಮೊದಲು ಪೈಪ್ ಲೀಕ್ ನಿಲ್ಲಿಸಿ, ಆ ಹಲಗೆ ಬದಲಾಯಿಸಿ, ಹಾಕೋದಾದ್ರೆ ಐಎಸ್ 710 ಮಾರ್ಕ್ ಇರೋ ಪ್ಲೈವುಡ್ ಹಾಕಿ (ಅಂಗಡೀಲಿ ಬಿಡಬ್ಲ್ಯೂಪಿ ಅಥವಾ ಮರೈನ್ ಅಂತ ಕೇಳಿ, ಅಂಟು ಕುದಿಯೋ ನೀರನ್ನೂ ತಡೆಯೋ ಥರದ್ದು), ಹಿಂಜ್ ವಿಷಯ ಆಮೇಲೆ.

ಇನ್ನೊಂದು ಸಂದರ್ಭ, ಹಿಂಜ್ ಚೆನ್ನಾಗೇ ಇದೆ, ಬಾಗಿಲು ಮಾತ್ರ ಧಡಾರ್ ಅಂತ ಬಡ್ಕೊಳ್ಳತ್ತೆ, ಸಾಫ್ಟ್ ಕ್ಲೋಸ್ (ಕೊನೇಲಿ ನಿಧಾನವಾಗಿ ಮುಚ್ಕೊಳೋದು) ಬೇಕು ಅಂತಾರೆ. ಎಲ್ಲಾ ಹಿಂಜ್ ಕಿತ್ತು ಹಾಕೋ ಅಗತ್ಯ ಇಲ್ಲ. ಡ್ಯಾಂಪರ್ ಅಂತ ಪೆನ್ನಿನ ಗಾತ್ರದ ಒಂದು ಪಿಸ್ಟನ್ ಬೇರೆಯಾಗೇ ಸಿಗತ್ತೆ, ಬಾಕ್ಸ್ ಒಳಗೆ ಹಿಂಜ್ ಇರೋ ಕಡೆ ಮೂಲೇಲಿ ಎರಡು ಸ್ಕ್ರೂ ಹೊಡೆದ್ರೆ ಆಯ್ತು.

2. ಅಳತೆ ತಗೊಳ್ಳಿ, ಇಲ್ಲೇ ಜಾಸ್ತಿ ಜನ ಎಡವೋದು

ಒಂದು ಹಳೇ ಹಿಂಜ್, ಒಂದು ಹಳೇ ಹ್ಯಾಂಡಲ್ ಬಿಚ್ಚಿ ಕವರಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗಿ. ಫೋನಲ್ಲಿ ಫೋಟೋ ತೋರಿಸಿದ್ರೆ ಸಾಲಲ್ಲ, ಯಾಕಂದ್ರೆ ಫೋಟೋದಲ್ಲಿ ಎಲ್ಲಾ ಹಿಂಜೂ ಒಂದೇ ಥರ ಕಾಣತ್ತೆ. ಬೆಂಗಳೂರಲ್ಲಿ ಎಸ್.ಪಿ. ರೋಡ್, ಎಸ್.ಜೆ.ಪಿ. ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಂದಣಿ ಇರತ್ತೆ, ನಿಂತು ವಿವರಿಸೋಕೆ ಅವರಿಗೂ ಪುರುಸೊತ್ತು ಇರಲ್ಲ, ಪೀಸ್ ಕೈಲಿದ್ರೆ ಕೆಲಸ ಬೇಗ ಆಗತ್ತೆ. ಎಲ್ಲಾ ಅಳತೆನೂ ಎಂಎಂನಲ್ಲೇ ಬರ್ಕೊಳ್ಳಿ, ಇಂಚಲ್ಲಿ ಬೇಡ.

ಹಿಂಜ್ ಬಗ್ಗೆ ತಿಳ್ಕೋಬೇಕಾದ ಮುಖ್ಯ ವಿಷಯ ಕ್ರ್ಯಾಂಕ್, ಅಂದ್ರೆ ಹಿಂಜಿನ ತೋಳು ಎಷ್ಟು ಬಾಗಿದೆ ಅನ್ನೋದು. ಶಟರ್ ಬಾಕ್ಸಿನ ಪಕ್ಕದ ಹಲಗೆನ ಪೂರ್ತಿ ಮುಚ್ಚೋ ಹಾಗಿದ್ರೆ ಅದು ಫುಲ್ ಓವರ್‌ಲೇ, ತೋಳು ನೇರವಾಗಿರತ್ತೆ, ಅಂಗಡೀಲಿ 0 ಕ್ರ್ಯಾಂಕ್ ಅಂತಾರೆ. ಮಧ್ಯದಲ್ಲಿ ಒಂದೇ ಹಲಗೆ ಇದ್ದು ಎಡಗಡೆ ಶಟರೂ ಬಲಗಡೆ ಶಟರೂ ಅದನ್ನೇ ಹಂಚ್ಕೊಂಡಿದ್ರೆ ಹಾಫ್ ಓವರ್‌ಲೇ, ತೋಳು ಸ್ವಲ್ಪ ಬಾಗಿರತ್ತೆ, ಕಂಪನಿ ಮೇಲೆ 8 ಅಥವಾ 9 ಕ್ರ್ಯಾಂಕ್. ಶಟರ್ ಬಾಕ್ಸಿನ ಒಳಗೆ ಅಂಚಿಗೆ ಸಮವಾಗಿ ಕೂತಿದ್ರೆ ಇನ್‌ಸೆಟ್, ತೋಳು ತುಂಬಾ ಬಾಗಿರತ್ತೆ, 15 ಅಥವಾ 16 ಕ್ರ್ಯಾಂಕ್. ಒಂದೇ ಅಡುಗೆಮನೇಲಿ ಎರಡು ಥರ ಇರೋದು ಮಾಮೂಲಿ, ಎರಡೂ ತುದೀಲಿ 0 ಕ್ರ್ಯಾಂಕ್ ಇದ್ದು ಮಧ್ಯದಲ್ಲಿ 8 ಇರತ್ತೆ, ಹಾಗಾಗಿ ಒಂದು ನೋಡಿ ಇಪ್ಪತ್ತು ತರಬೇಡಿ, ಪ್ರತಿ ಶಟರ್ ತೆಗೆದು ನೋಡಿ ಲೆಕ್ಕ ಬರ್ಕೊಳ್ಳಿ.

ಆಮೇಲೆ ಕಪ್. ಹೆಚ್ಚುಕಡಿಮೆ ಎಲ್ಲಾ ಕಿಚನ್ ಹಿಂಜಿನ ಕಪ್ ವ್ಯಾಸ 35 ಎಂಎಂ, ಹಾಗಾಗಿ ಯಾವ ಕಂಪನಿದಾದ್ರೂ ಹಳೇ ಗುಂಡಿಗೆ ಕೂರತ್ತೆ. ಆದ್ರೆ ಕಪ್ ಪಕ್ಕದ ಎರಡು ಸ್ಕ್ರೂ ತೂತಿನ ಮಧ್ಯದ ದೂರ ಎಲ್ಲಾದ್ರಲ್ಲೂ ಒಂದೇ ಇರಲ್ಲ. 45, 48, 52 ಎಂಎಂ ಅಂತ ಮೂರು ಪದ್ಧತಿ ಚಾಲ್ತಿಯಲ್ಲಿದೆ. ನಿಮ್ಮ ಹಳೇದು 48 ಇದ್ದು ಹೊಸದು 52 ಬಂದ್ರೆ ಹೊಸ ತೂತು ಹಳೇ ತೂತಿನ ಅಂಚಿಗೇ ಬರತ್ತೆ, ಸ್ಕ್ರೂ ಜಾರಿ ಹಳೇ ತೂತಿಗೇ ಹೋಗತ್ತೆ, ಶಟರ್ ಓರೆಯಾಗತ್ತೆ. ಇದೊಂದನ್ನ ಸ್ಕೇಲಲ್ಲಿ ಅಳೆದು ಅದೇ ಅಳತೇದು ತಗೊಂಡ್ರೆ ಅರ್ಧ ಕೆಲಸ ಉಳಿಯತ್ತೆ. ಹಾಗೇ ಪ್ಲೇಟಿನ ದಪ್ಪನೂ ನೋಡ್ಕೊಳಿ, 0, 2, 4 ಅಂತ ಬರತ್ತೆ, ಪ್ಲೇಟ್ ಮೇಲೇ ಕೆತ್ತಿರ್ತಾರೆ ಎಷ್ಟೋ ಸಲ.

ಹ್ಯಾಂಡಲ್ ಅಳತೆ ಅಂದ್ರೆ ಹ್ಯಾಂಡಲಿನ ಪೂರ್ತಿ ಉದ್ದ ಅಲ್ಲ, ಎರಡು ಸ್ಕ್ರೂ ತೂತಿನ ನಡುವಿನ ದೂರ. ಒಂದು ತೂತಿನ ಎಡ ಅಂಚಿಂದ ಇನ್ನೊಂದು ತೂತಿನ ಎಡ ಅಂಚಿಗೆ ಅಳೆದ್ರೆ ಸರಿಯಾದ ಲೆಕ್ಕ ಬರತ್ತೆ. 96, 128, 160, 192, 224, 256, 288 ಹೀಗೆ 32ರ ಲೆಕ್ಕದಲ್ಲಿ ಹೋಗತ್ತೆ. ಅಂಗಡೀಲಿ 8 ಇಂಚಿನ ಹ್ಯಾಂಡಲ್ ಅಂದ್ರೆ ಕೆಲವು ಕಡೆ 203 ಎಂಎಂ, ಕೆಲವು ಕಡೆ 192, ಈ 11 ಎಂಎಂ ವ್ಯತ್ಯಾಸಕ್ಕೆ ಸ್ಕ್ರೂ ಹತ್ತೋದೇ ಇಲ್ಲ, ಎಂಎಂನಲ್ಲೇ ಬರ್ಕೊಳ್ಳಿ ಅಂದಿದ್ದು ಅದಕ್ಕೆ. ಅಮೆರಿಕದಲ್ಲಿರೋರು ಊರಿಂದ ಹಿತ್ತಾಳೆ ಹ್ಯಾಂಡಲ್ ಒಯ್ಯೋ ಆಸೆ ಇದ್ರೆ ಇನ್ನೂ ಎರಡು ವಿಷಯ ನೋಡ್ಕೊಳಿ, ಅಲ್ಲಿನ ಕಬೋರ್ಡಲ್ಲಿ 3 ಇಂಚು ಅಂದ್ರೆ 76 ಎಂಎಂ ದೂರ ತುಂಬಾ ಸಾಮಾನ್ಯ, ಇಲ್ಲಿನ 96 ಅದಕ್ಕೆ ಕೂರಲ್ಲ, ಮತ್ತೆ ಇಲ್ಲಿ ಎಂ4 (4 ಎಂಎಂ ದಪ್ಪದ) ಸ್ಕ್ರೂ, ಅಲ್ಲಿನದು ಬೇರೆ ಮರೆಯದ್ದು (ಮರೆ ಅಂದ್ರೆ ಸ್ಕ್ರೂ ಮೇಲಿನ ಸುರುಳಿ ಗೆರೆ), ಹಾಗಾಗಿ ಸ್ಕ್ರೂನೂ ಜೊತೆಗೇ ಒಯ್ಯಿರಿ.

ಚಾನೆಲ್‌ಗೆ ಡ್ರಾಯರ್ ಹೊರಗೆಳೆದು, ಚಾನೆಲ್ ಮುಚ್ಚಿದ ಸ್ಥಿತೀಲಿ ಅದರ ಉದ್ದ ಅಳೀರಿ. 450 ಎಂಎಂದನ್ನ 18 ಇಂಚು ಅಂತಲೂ 500 ಎಂಎಂದನ್ನ 20 ಇಂಚು ಅಂತಲೂ ಮಾರ್ತಾರೆ. ಮಾಮೂಲಿ ಟೆಲಿಸ್ಕೋಪಿಕ್ ಚಾನೆಲ್ (ಮೂರು ಪದರ ಒಂದರೊಳಗೊಂದು ಜಾರೋ, ಬಾಲ್ ಬೇರಿಂಗ್ ಇರೋದು) ಪ್ರತಿ ಪಕ್ಕಕ್ಕೆ ಸುಮಾರು 12.7 ಎಂಎಂ ಅಂದ್ರೆ ಅರ್ಧ ಇಂಚು ಜಾಗ ಕೇಳತ್ತೆ. ಬಾಕ್ಸಿನ ಒಳಗಲ ಅಳೆದು ಅದ್ರಿಂದ ಡ್ರಾಯರಿನ ಹೊರಗಲ ಕಳೀರಿ, 25ರಿಂದ 26 ಎಂಎಂ ಬರಬೇಕು. ಹಿಂದೆ ಒಂದ್ಸಲ, ಮುಂದೆ ಒಂದ್ಸಲ ಅಳೀರಿ. ಎರಡೂ ಕಡೆ ಒಂದೇ ಬರ್ಲಿಲ್ಲ ಅಂದ್ರೆ ಬಾಕ್ಸೇ ಓರೆ, ಡ್ರಾಯರ್ ಸಿಕ್ಕಿಹಾಕ್ಕೊಳೋದಕ್ಕೆ ಕಾರಣ ಅದೇ, ಹೊಸ ಚಾನೆಲ್ ಹಾಕಿದ್ರೂ ಹೋಗಲ್ಲ.

ನಮ್ಮ ಕಡೆ ಮನೆಗಳಿಗೇ ಸೇರಿದ ಒಂದು ವಿಷಯ ಇದೆ. ಗ್ರಾನೈಟ್ ಕಟ್ಟೆ ಕೆಳಗೆ ಕಡಪ ಕಲ್ಲು ನಿಲ್ಲಿಸಿ, ಮುಂದೆ ಮರದ ಫ್ರೇಮ್ ಹೊಡೆದು ಬಾಗಿಲು ಕೂರಿಸಿರ್ತಾರೆ. ಇಲ್ಲಿ ಪಕ್ಕದ ಹಲಗೆನೇ ಇಲ್ಲ, ಕಲ್ಲಿಗೆ ಹಿಂಜ್ ಹೊಡೆಯೋಕಾಗಲ್ಲ. ಮಾಮೂಲಿ ಹಿಂಜ್ ಪ್ಲೇಟಿಗೆ ಮುಂದಿನ ಅಂಚಿಂದ 37 ಎಂಎಂ ಒಳಗೆ ಸ್ಕ್ರೂ ಬರಬೇಕು, ಫ್ರೇಮ್ ಅಷ್ಟು ಆಳ ಇರಲ್ಲ. ಫ್ರೇಮ್ ಹಿಂದೆ ಒಂದು ಪ್ಲೈ ಪಟ್ಟಿ ಕೂರಿಸಿ ಜಾಗ ಮಾಡ್ಕೋಬೇಕು, ಇಲ್ಲಾಂದ್ರೆ ಈಗಿರೋ ಎರಡು ಎಲೆಯ ಬಿಜಾಗರಿನೇ ಹೊಸದು ತಂದು ಹಾಕಿ. ಸ್ಟೀಲ್ ಅಥವಾ ಹಿತ್ತಾಳೆ ಬಿಜಾಗರಿ ಹಾಕಿದ ಮರದ ಬಾಗಿಲು ಬಾಳಿಕೆ ಬರೋದ್ರಲ್ಲಿ ಯಾವ ಆಟೋ ಹಿಂಜ್‌ಗೂ ಕಮ್ಮಿ ಇಲ್ಲ, ಹಳೇದು ಅನ್ನೋ ಒಂದೇ ಕಾರಣಕ್ಕೆ ಅದನ್ನ ಬಿಡಬೇಡಿ.

3. ಆರಿಸೋದು

ದುಡ್ಡು ಎಲ್ಲಿ ಹಾಕ್ಬೇಕು ಅಂತ ಕೇಳಿದ್ರೆ ನನ್ನ ಉತ್ತರ ಯಾವಾಗ್ಲೂ ಒಂದೇ, ಹಿಂಜ್ ಮತ್ತೆ ಚಾನೆಲ್‌ಗೆ ಹಾಕಿ, ಹ್ಯಾಂಡಲಲ್ಲಿ ಉಳಿಸಿ. ಹ್ಯಾಂಡಲ್ ಚೆಂದ ಕಾಣತ್ತೆ ನಿಜ, ಆದ್ರೆ ಭಾರ ಹೊರೋದು ಹಿಂಜು ಚಾನೆಲ್ಲು. ಹ್ಯಾಂಡಲ್ ಬೇಜಾರಾದ್ರೆ ನಾಳೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು.

ಹೆಟ್ಟಿಚ್, ಬ್ಲಮ್, ಹಾಫೆಲೆ, ಎಬ್ಕೋ, ಗೋದ್ರೇಜ್ ಇವೆಲ್ಲಾ ಇಲ್ಲಿ ಸುಲಭವಾಗಿ ಸಿಗೋ ಹೆಸರುಗಳು. ಯಾವ್ದು ತಗೊಂಡ್ರೂ ಇಡೀ ಅಡುಗೆಮನೆಗೆ ಒಂದೇ ಕಂಪನಿ, ಒಂದೇ ಮಾಡೆಲ್ ಇರ್ಲಿ, ಮತ್ತೆ ಎರಡು ಜೋಡಿ ಜಾಸ್ತಿ ತಗೊಂಡು ಇಟ್ಕೊಳಿ, ಮುಂದೆ ಒಂದು ಹಾಳಾದಾಗ ಅದೇ ತೂತಿಗೆ ಕೂರೋದು ಬೇಕಲ್ಲ. ಕ್ಲಿಪ್ ಆನ್ ಹಿಂಜ್ (ಹಿಂದಿನ ಗುಂಡಿ ಒತ್ತಿದ್ರೆ ಪ್ಲೇಟಿಂದ ಬಿಟ್ಕೊಳೋದು) ಸ್ವಲ್ಪ ದುಬಾರಿ ಆದ್ರೂ ನಾನು ಅದನ್ನೇ ಹೇಳೋದು, ಬಾಗಿಲು ಬಿಚ್ಚಿ ತೊಳೆಯೋಕೆ, ಹಬ್ಬದ ಕ್ಲೀನಿಂಗ್‌ಗೆಲ್ಲ ಸ್ಕ್ರೂ ಮುಟ್ಟದೇ ಕೆಲಸ ಆಗತ್ತೆ.

ಒಂದು ಶಟರಿಗೆ ಎಷ್ಟು ಹಿಂಜ್? 900 ಎಂಎಂ ಎತ್ತರದವರೆಗೂ 2, ಅಲ್ಲಿಂದ 1600ರವರೆಗೆ 3, 2000ದವರೆಗೆ 4. ಶಟರ್ ಅಗಲ 600 ಎಂಎಂ ದಾಟಿದ್ರೆ ಒಂದು ಜಾಸ್ತಿ ಹಾಕಿ. 18 ಎಂಎಂ ಪ್ಲೈ, ಎರಡೂ ಕಡೆ ಮೈಕಾ (ಹಲಗೆ ಮೇಲೆ ಅಂಟಿಸೋ ಲ್ಯಾಮಿನೇಟ್ ಹಾಳೆ), 600ಕ್ಕೆ 750 ಸೈಜ್ ಅಂದ್ರೆ ಶಟರೊಂದೇ ಸುಮಾರು 6 ಕೆಜಿ ತೂಗತ್ತೆ, ಅದ್ರ ಮೇಲೆ ಟವೆಲ್ ಸ್ಟ್ಯಾಂಡು, ಕಸದ ಬುಟ್ಟಿ ಎಲ್ಲಾ ನೇತು ಹಾಕಿದ್ರೆ ಎರಡು ಹಿಂಜ್ ತಡೆಯಲ್ಲ.

ಕರಾವಳಿ ಕಡೆ ಇರೋರು, ಮಂಗಳೂರು, ಉಡುಪಿ, ಕಾರವಾರ, ನೀವು ಮಾಮೂಲಿ ನಿಕ್ಕಲ್ ಕೋಟಿಂಗ್ ಹಿಂಜ್ ಹಾಕ್ಬೇಡಿ. ಉಪ್ಪಿನ ಗಾಳಿ, ಜೊತೆಗೆ ಮಳೆಗಾಲದ ತೇವ, ಕೋಟಿಂಗ್ ಎಲ್ಲಾದ್ರೂ ಒಂದ್ಸಲ ಕಿತ್ತು ಹೋದ್ರೆ ಒಳಗಿನ ಕಬ್ಬಿಣ ಬೇಗ ತಿಂದು ಹೋಗತ್ತೆ. ಎಸ್ಎಸ್ 304 (ತುಕ್ಕು ತಡೆಯೋ ಒಂದು ದರ್ಜೆ ಸ್ಟೇನ್‌ಲೆಸ್ ಸ್ಟೀಲ್) ಹಿಂಜೇ ಕೇಳಿ ತಗೊಳ್ಳಿ. ಮಲೆನಾಡಿನವರಿಗೂ ಸಿಂಕ್ ಕೆಳಗಿನ ಕಬೋರ್ಡಿಗಾದ್ರೂ ಇದನ್ನೇ ಹಾಕಿ ಅಂತೀನಿ. ಇಲ್ಲೊಂದು ಎಚ್ಚರ, ಅಂಗಡೀಲಿ ಅಯಸ್ಕಾಂತ ಹಿಡಿದು ನೋಡಿ ಸರ್ ಅಂಟಲ್ಲ, 304ನೇ ಅಂತಾರೆ. ಅಯಸ್ಕಾಂತ ಗಟ್ಟಿಯಾಗಿ ಅಂಟಿದ್ರೆ ಅದು ಕಬ್ಬಿಣ ಅಥವಾ ಕಡಿಮೆ ದರ್ಜೆ ಸ್ಟೀಲ್ ಅಂತ ಗೊತ್ತಾಗತ್ತೆ ಸರಿ, ಆದ್ರೆ ಅಂಟದೇ ಇದ್ದ ಮಾತ್ರಕ್ಕೆ 304 ಆಗಲ್ಲ, ಅದಕ್ಕಿಂತ ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಅಂಟಲ್ಲ, ಅದ್ರಲ್ಲಿ ನಿಕ್ಕಲ್ ಕಮ್ಮಿ ಇರೋದ್ರಿಂದ ತುಕ್ಕು ಬೇಗ ಬರತ್ತೆ. ಬಾಕ್ಸ್ ಮೇಲೆ 304 ಅಂತ ಅಚ್ಚಾಗಿದೆಯಾ, ಬಿಲ್ಲಲ್ಲಿ ಹಾಗೇ ಬರೆದು ಕೊಡ್ತಾರಾ ನೋಡಿ. ಮತ್ತೆ ಹಿಂಜ್ 304 ತಗೊಂಡು ಸ್ಕ್ರೂ ಮಾತ್ರ ಕಬ್ಬಿಣದ್ದು ಹಾಕ್ಸೋದು ಬೇಡ, ತುಕ್ಕು ಮೊದಲು ಅಲ್ಲೇ ಶುರು.

ಚಾನೆಲಲ್ಲಿ ಪಾತ್ರೆ ಡ್ರಾಯರಿಗೆ 45 ಕೆಜಿ ರೇಟಿಂಗ್ ಇರೋದು ಹಾಕಿ, ಕುಕ್ಕರು, ಬಾಣಲೆ, ಕಬ್ಬಿಣದ ಕಾವಲಿ ಎಲ್ಲಾ ಸೇರಿದ್ರೆ ಭಾರ ಬೇಗ ಏರತ್ತೆ. ಚಮಚ, ಸೌಟಿನ ಡ್ರಾಯರಿಗೆ 35 ಕೆಜಿದು ಧಾರಾಳ ಸಾಕು. ಪೂರ್ತಿ ಹೊರಗೆ ಬರೋ ಥರದ್ದೇ ತಗೊಳ್ಳಿ, ಹಿಂದಿನ ಮೂಲೆ ಡಬ್ಬಿ ಕೈಗೆ ಸಿಗಬೇಕು.

ಹ್ಯಾಂಡಲ್ ಆರಿಸುವಾಗ ಎಣ್ಣೆ ಕೈ, ಹಿಟ್ಟು ಕೈ ನೆನಪಿಟ್ಕೊಳಿ. ನಾಲ್ಕು ಬೆರಳು ಒಳಗೆ ಹೋಗೋ ಜಾಗ ಇರಬೇಕು. ಸಣ್ಣ ಗುಬ್ಬಿ ಥರದ ನಾಬ್ ಮಸಾಲೆ ಕಬೋರ್ಡಿಗೆ ಪರ್ವಾಗಿಲ್ಲ, ಭಾರದ ಡ್ರಾಯರಿಗೆ ಬೇಡ. ಕೆತ್ತನೆ, ಗೀರು ಗೀರು ಇರೋ ಡಿಸೈನಲ್ಲಿ ಒಗ್ಗರಣೆ ಹೊಗೆ ಜಿಡ್ಡು ಕೂತ್ರೆ ಬ್ರಷ್ ಹಾಕಿ ಉಜ್ಜಬೇಕಾಗತ್ತೆ, ನುಣುಪಾಗಿರೋದೇ ವಾಸಿ. ತುದಿ ಚೂಪಾಗಿ ಹೊರಗೆ ಬಂದಿರೋದು ಬೇಡ, ಸೆರಗು, ದುಪಟ್ಟಾ ಸಿಕ್ಕಿಹಾಕ್ಕೊಳತ್ತೆ, ಓಡಾಡೋ ಮಕ್ಕಳ ತಲೆ ಎತ್ತರಕ್ಕೂ ಬರತ್ತೆ.

ಹ್ಯಾಂಡಲೇ ಬೇಡ, ಒತ್ತಿದ್ರೆ ತೆಗೆಯೋ ಪುಶ್ ಓಪನ್ ಬೇಕು ಅನ್ನೋರು ಒಂದು ತಿಳ್ಕೊಳಿ, ಅದಕ್ಕೆ ಸ್ಪ್ರಿಂಗ್ ಇಲ್ಲದ ಹಿಂಜ್ ಬೇಕು. ಸಾಫ್ಟ್ ಕ್ಲೋಸ್ ಹಿಂಜ್ ಬಾಗಿಲನ್ನ ಒಳಗೆ ಎಳೀತಿರತ್ತೆ, ಪುಶ್ ಪಿನ್ ಹೊರಗೆ ತಳ್ತಿರತ್ತೆ, ಒಂದಕ್ಕೊಂದು ಹೊಂದಲ್ಲ.

4. ಬಿಚ್ಚೋದು, ತೂತು ರಿಪೇರಿ, ಹೊಸ ಹಿಂಜ್ ಕೂರಿಸೋದು

ಬೇಕಾಗಿರೋದು: 2ನೇ ನಂಬರ್ ಸ್ಟಾರ್ ಸ್ಕ್ರೂಡ್ರೈವರ್, ಡ್ರಿಲ್ಲು, 2.5, 5 ಮತ್ತು 8 ಎಂಎಂ ಬಿಟ್, ಸ್ಟೀಲ್ ಸ್ಕೇಲ್, ಪೆನ್ಸಿಲ್, ಮಾಸ್ಕಿಂಗ್ ಟೇಪ್ (ಪೇಂಟ್ ಮಾಡೋರು ಬಳಸೋ ಪೇಪರ್ ಟೇಪ್), ಫೆವಿಕಾಲ್, ಸುತ್ತಿಗೆ. ಕಣ್ಣಿಗೆ ಕನ್ನಡಕ ಇರ್ಲಿ, ತಲೆ ಮೇಲಿನ ಕಬೋರ್ಡ್ ಡ್ರಿಲ್ ಮಾಡುವಾಗ ಪುಡಿ ನೇರ ಮುಖಕ್ಕೇ ಬೀಳತ್ತೆ. ಸ್ಟೂಲ್ ಮೇಲೆ ನಿಂತು ಮಾಡೋ ಕೆಲಸಕ್ಕೆ ಇನ್ನೊಬ್ರು ಜೊತೇಲಿರ್ಲಿ.

ಕಬೋರ್ಡ್ ಖಾಲಿ ಮಾಡಿ, ಪ್ರತಿ ಶಟರಿಗೂ ಅದರ ಬಾಕ್ಸಿಗೂ ಟೇಪ್ ಅಂಟಿಸಿ ಒಂದೇ ನಂಬರ್ ಬರೀರಿ. ನೋಡೋಕೆ ಒಂದೇ ಸೈಜಾದ್ರೂ ಒಂದೆರಡು ಎಂಎಂ ಹೆಚ್ಚುಕಮ್ಮಿ ಇರತ್ತೆ, ಅದಲು ಬದಲಾದ್ರೆ ಗ್ಯಾಪ್ ಸರಿ ಬರಲ್ಲ. ಬಿಚ್ಚುವಾಗ ಕೆಳಗಿನ ಹಿಂಜ್ ಮೊದಲು, ಮೇಲಿಂದು ಕೊನೇಗೆ, ಒಬ್ರು ಶಟರ್ ಹಿಡ್ಕೊಂಡಿರಬೇಕು. ವಾಪಸ್ ಹಾಕುವಾಗ ಮೇಲಿಂದ ಶುರು ಮಾಡಿ.

ಸಡಿಲ ಆಗಿರೋ ಸ್ಕ್ರೂ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಹೊಡೆಯೋ ಪದ್ಧತಿ ಎಲ್ಲಾ ಕಡೆ ಇದೆ, ಹಗುರ ಬಾಗಿಲಿಗೆ ಸ್ವಲ್ಪ ದಿನ ತಡೆಯತ್ತೆ ಅಷ್ಟೇ. ಸರಿಯಾಗಿ ಮಾಡೋದಾದ್ರೆ ತೂತನ್ನ 8 ಎಂಎಂ ಬಿಟ್ಟಲ್ಲಿ ಸ್ವಲ್ಪ ದೊಡ್ಡದು ಮಾಡಿ (ಹಲಗೆ ದಾಟಿ ಆಚೆ ಹೋಗದ ಹಾಗೆ, ಬಿಟ್ ಮೇಲೆ 12 ಎಂಎಂಗೆ ಟೇಪ್ ಸುತ್ತಿ ಗುರುತು ಇಟ್ಕೊಳಿ), ಪುಡಿ ಊದಿ ತೆಗೀರಿ, ಫೆವಿಕಾಲ್ ಹಚ್ಚಿದ 8 ಎಂಎಂ ಮರದ ಡೋವೆಲ್ (ದುಂಡನೆ ಮರದ ಗೂಟ) ಬಡಿದು ಕೂರಿಸಿ, ಒಂದು ರಾತ್ರಿ ಒಣಗಕ್ಕೆ ಬಿಡಿ. ಬೆಳಿಗ್ಗೆ ಮೇಲೆದ್ದಿರೋದನ್ನ ಸಮ ಮಾಡಿ 2.5 ಎಂಎಂ ತೂತು ಕೊರೆದು ಸ್ಕ್ರೂ ಹೊಡೀರಿ, ಹೊಸ ಮರದಷ್ಟೇ ಗಟ್ಟಿ ಹಿಡಿಯತ್ತೆ. ಹಲಗೆ ಪದರ ಪದರವಾಗಿ ಕಿತ್ತು ಬಂದಿದ್ರೆ ಹಿಂಜ್ ರಿಪೇರ್ ಪ್ಲೇಟ್ ಅಂತ ಒಂದು ಸ್ಟೀಲ್ ತಗಡು ಸಿಗತ್ತೆ, ಅದರ ಸ್ಕ್ರೂಗಳು ಹಾಳಾದ ಜಾಗ ಬಿಟ್ಟು ಸುತ್ತ ಗಟ್ಟಿ ಇರೋ ಕಡೆ ಬರತ್ತೆ.

ಸ್ಕ್ರೂ ವಿಷಯದಲ್ಲಿ ಕಾರ್ಪೆಂಟರ್ ಬಂದ್ರೂ ನೀವು ಕಣ್ಣಿಡಿ. ಜಿಪ್ಸಮ್ ಸೀಲಿಂಗಿಗೆ ಬಳಸೋ ಕಪ್ಪು ಸ್ಕ್ರೂನೇ ಎಲ್ಲಾದಕ್ಕೂ ಹೊಡೆಯೋ ಅಭ್ಯಾಸ ಇದೆ, ಅದು ಬೇಗ ತುಕ್ಕು ಹಿಡಿಯತ್ತೆ, ಬಿಗಿ ಮಾಡುವಾಗ ತಲೆ ಮುರಿದು ಉಳಿದ ತುಂಡು ಒಳಗೇ ನಿಲ್ಲತ್ತೆ. ಹಿಂಜ್ ಜೊತೆ ಬಂದಿರೋ ಸ್ಕ್ರೂ, ಅಥವಾ 3.5ಕ್ಕೆ 16 ಎಂಎಂ ಅಳತೇದು ಬಳಸಿ. 18 ಎಂಎಂ ಹಲಗೆಗೆ 25ರ ಸ್ಕ್ರೂ ಹೊಡೆದ್ರೆ ತುದಿ ಆಚೆ ಮೈಕಾ ಒಡ್ಕೊಂಡು ಬರತ್ತೆ. ಕೊನೇ ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಮಷಿನ್ನಲ್ಲಿ ಪೂರ್ತಿ ಬಿಗಿ ಮಾಡಿದ್ರೆ ಪಾರ್ಟಿಕಲ್ ಬೋರ್ಡಲ್ಲಿ ತೂತು ಅಲ್ಲೇ ಪುಡಿಯಾಗತ್ತೆ.

ಹೊಸದಾಗಿ 35 ಎಂಎಂ ಗುಂಡಿ ಕೊರೆಯೋದೇ ಬಂದ್ರೆ, ಮೊದಲ ಸಲ ಮಾಡೋರು ಬೇಡದ ಹಲಗೆ ತುಂಡಲ್ಲಿ ಅಭ್ಯಾಸ ಮಾಡಿ ಆಮೇಲೆ ಶಟರ್ ಮುಟ್ಟಿ. ಆಳ 12ರಿಂದ 13 ಎಂಎಂ, ಅಂದ್ರೆ 18ರ ಹಲಗೇಲಿ ಉಳಿಯೋದು ಐದಾರು ಎಂಎಂ ಮಾತ್ರ, ಸ್ವಲ್ಪ ಜಾಸ್ತಿ ಒತ್ತಿದ್ರೂ ಬಿಟ್ಟಿನ ಮೊನೆ ಮುಂದಿನ ಮೈಕಾಕ್ಕೆ ಗುರುತು ಮಾಡತ್ತೆ, ಅದನ್ನ ಮುಚ್ಚೋಕೆ ದಾರಿ ಇಲ್ಲ. ಧೈರ್ಯ ಇಲ್ಲಾಂದ್ರೆ ಇದೊಂದು ಕೆಲಸಕ್ಕೆ ಕಾರ್ಪೆಂಟರ್ ಕರೀರಿ, ಉಳಿದಿದ್ದೆಲ್ಲಾ ನೀವೇ ಮಾಡಬಹುದು.

5. ಅಡ್ಜಸ್ಟ್ ಮಾಡೋದು

ಹಿಂಜ್ ತೋಳಿನ ಮೇಲೆ ಎರಡು ಸ್ಕ್ರೂ ಕಾಣತ್ತೆ. ಶಟರಿಗೆ ಹತ್ತಿರ ಇರೋದು ಬಾಗಿಲನ್ನ ಎಡಕ್ಕೆ ಬಲಕ್ಕೆ ಸರಿಸತ್ತೆ. ಹಿಂದೆ ಇರೋದು ಬಾಗಿಲನ್ನ ಬಾಕ್ಸಿಗೆ ಹತ್ತಿರ, ದೂರ ಮಾಡತ್ತೆ, ಕೆಲವು ಮಾಡೆಲಲ್ಲಿ ಅದನ್ನ ಸಡಿಲಿಸಿ ಕೈಯಲ್ಲಿ ಸರಿಸಿ ಮತ್ತೆ ಬಿಗಿ ಮಾಡಬೇಕು. ಪ್ಲೇಟಿನ ಸ್ಕ್ರೂ ತೂತು ಉದ್ದುದ್ದ ಇರತ್ತೆ, ಅದನ್ನ ಸಡಿಲಿಸಿದ್ರೆ ಮೇಲೆ ಕೆಳಗೆ.

ಹ್ಯಾಂಡಲ್ ಕಡೆ ಮೂಲೆ ಜೋತು ಬಿದ್ದಿದ್ರೆ ಹೀಗೆ ಮಾಡಿ: ಮೇಲಿನ ಹಿಂಜಿನ ಮುಂದಿನ ಸ್ಕ್ರೂ ತಿರುಗಿಸಿ ಶಟರಿನ ಮೇಲ್ಭಾಗವನ್ನ ಹಿಂಜ್ ಇರೋ ಕಡೆಗೆ ಎಳೀರಿ, ಕೆಳಗಿನ ಹಿಂಜಲ್ಲಿ ಅದರ ವಿರುದ್ಧ ದಿಕ್ಕಿಗೆ ತಳ್ಳಿ. ಅರ್ಧ ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ, ದೂರ ನಿಂತು ನೋಡಿ, ಮತ್ತೆ ಅರ್ಧ ಸುತ್ತು. ಒಟ್ಟಿಗೆ ನಾಲ್ಕು ಸುತ್ತು ತಿರುಗಿಸಿದ್ರೆ ಎಲ್ಲಿಂದ ಶುರು ಮಾಡಿದ್ವಿ ಅನ್ನೋದೇ ತಪ್ಪಿ ಹೋಗತ್ತೆ. ಈ ಸ್ಕ್ರೂಗಳು ಆ ಕಡೆ ಈ ಕಡೆ ಒಂದೆರಡು ಎಂಎಂ ಮಾತ್ರ ಸರಿಸೋದು, ಅಷ್ಟರಲ್ಲಿ ಸರಿ ಬರ್ಲಿಲ್ಲ ಅಂದ್ರೆ ಕ್ರ್ಯಾಂಕ್ ತಪ್ಪಾಗಿದೆ ಇಲ್ಲಾ ಪ್ಲೇಟ್ ಜಾಗ ತಪ್ಪಾಗಿದೆ, ಸ್ಕ್ರೂ ಜೊತೆ ಗುದ್ದಾಡಬೇಡಿ. ಎರಡು ಶಟರ್ ಮಧ್ಯೆ 2ರಿಂದ 3 ಎಂಎಂ ಗ್ಯಾಪ್ ಇರ್ಲಿ, ಮಳೆಗಾಲದಲ್ಲಿ ಮರ ಸ್ವಲ್ಪ ಉಬ್ಬತ್ತೆ, ಅದಕ್ಕೂ ಜಾಗ ಬೇಕು.

6. ಹ್ಯಾಂಡಲ್

ಹಳೇ ಅಳತೇದೇ ತಂದಿದ್ರೆ ಐದು ನಿಮಿಷದ ಕೆಲಸ. ನೋಡ್ಬೇಕಾಗಿರೋದು ಸ್ಕ್ರೂ ಉದ್ದ ಒಂದೇ. ಶಟರ್ ದಪ್ಪಕ್ಕೆ ಐದಾರು ಎಂಎಂ ಸೇರಿಸಿ, ಮೈಕಾ ಸೇರಿ 20 ಎಂಎಂ ಶಟರಿಗೆ 25ರ ಸ್ಕ್ರೂ ಸರಿ. ಉದ್ದ ಜಾಸ್ತಿ ಆದ್ರೆ ಎಷ್ಟು ತಿರುಗಿಸಿದ್ರೂ ಹ್ಯಾಂಡಲ್ ಬಿಗಿ ಆಗಲ್ಲ, ಜನ ಹ್ಯಾಂಡಲೇ ಕಳಪೆ ಅಂದ್ಕೋತಾರೆ.

ಬೇರೆ ಅಳತೆ ಹ್ಯಾಂಡಲ್ ಬೇಕೇ ಬೇಕು ಅಂದ್ರೆ ಹಳೇ ತೂತು ಏನು ಮಾಡ್ತೀರಿ ಅಂತ ಕೊಳ್ಳೋಕೆ ಮುಂಚೆನೇ ಯೋಚನೆ ಮಾಡಿ. ಮೈಕಾ ಮೇಲೆ ಪುಟ್ಟಿ ಹಾಕಿ ಪೇಂಟ್ ಹಚ್ಚಿದ್ರೆ ಕಲೆ ಥರ ಎದ್ದು ಕಾಣತ್ತೆ. ಹಿಂದೆ ಅಗಲ ಪಟ್ಟಿ ಇರೋ ಹ್ಯಾಂಡಲ್ ತಗೊಂಡು ಎರಡೂ ಹಳೇ ತೂತು ಅದರ ಕೆಳಗೆ ಮುಚ್ಚಿ ಹೋಗೋ ಹಾಗೆ ಮಾಡೋದು ಅತ್ಯಂತ ಚೊಕ್ಕ ದಾರಿ. ಇನ್ನೊಂದು, ಒಂದು ಹಳೇ ತೂತನ್ನ ಉಳಿಸ್ಕೊಂಡು ಉದ್ದ ಹ್ಯಾಂಡಲಿಗೆ ಒಂದೇ ಹೊಸ ತೂತು ಕೊರೆಯೋದು, ಉಳಿಯೋ ಒಂದು ತೂತಿಗೆ ಮೈಕಾ ಬಣ್ಣದ ವ್ಯಾಕ್ಸ್ ತುಂಬಬಹುದು, ಹ್ಯಾಂಡಲ್ ನೆರಳಲ್ಲಿ ಅಷ್ಟಾಗಿ ಕಾಣಲ್ಲ.

ಹೊಸ ತೂತಿಗೆ ರಟ್ಟಲ್ಲಿ ಒಂದು ಅಚ್ಚು ಮಾಡ್ಕೊಳಿ, ಮೂಲೆಗೆ ಒತ್ತಿ ಹಿಡಿದು ಎಲ್ಲಾ ಶಟರಿಗೂ ಅದ್ರಲ್ಲೇ ಗುರುತು ಹಾಕಿ, ಪ್ರತಿ ಸಲ ಸ್ಕೇಲ್ ಇಟ್ರೆ ಒಂದೊಂದು ಒಂದೊಂದು ಎತ್ತರಕ್ಕೆ ಬರತ್ತೆ. ಗುರುತಿನ ಮೇಲೆ ಟೇಪ್ ಅಂಟಿಸಿ, ಮುಂದಿನಿಂದ ಮೊದಲು 2.5, ಆಮೇಲೆ 5 ಎಂಎಂ ಬಿಟ್. ಹಿಂದೆ ಒಂದು ಮರದ ತುಂಡು ಒತ್ತಿ ಹಿಡೀರಿ, ಇಲ್ಲಾಂದ್ರೆ ಬಿಟ್ ಆಚೆ ಬರುವಾಗ ಮೈಕಾ ಚಕ್ಕೆ ಏಳತ್ತೆ.

7. ಚಾನೆಲ್

ಡ್ರಾಯರ್ ಪೂರ್ತಿ ಹೊರಗೆಳೀರಿ, ಎರಡೂ ಪಕ್ಕದ ಚಾನೆಲ್ ಮಧ್ಯೆ ಕಪ್ಪು ಪ್ಲಾಸ್ಟಿಕ್ ಲಿವರ್ ಇರತ್ತೆ. ಒಂದು ಕಡೇದು ಮೇಲಕ್ಕೆ, ಇನ್ನೊಂದು ಕಡೇದು ಕೆಳಕ್ಕೆ, ಎರಡೂ ಒಟ್ಟಿಗೆ ಒತ್ತಿ ಎಳೆದ್ರೆ ಡ್ರಾಯರ್ ಕೈಗೆ ಬರತ್ತೆ. ಎರಡನ್ನೂ ಒಂದೇ ದಿಕ್ಕಿಗೆ ಒತ್ತಿ ಜಗ್ಗಿದ್ರೆ ಲಿವರ್ ಮುರಿಯತ್ತೆ. ಹೊಸದು ಹಾಕುವಾಗ ಬಾಕ್ಸಿನ ಎರಡೂ ಕಡೆ ತಳದಿಂದ ಒಂದೇ ಎತ್ತರಕ್ಕೆ ಗೆರೆ ಎಳೆದು, ಮೊದಲು ಮುಂದೆ ಒಂದು ಹಿಂದೆ ಒಂದು ಉದ್ದ ತೂತಿನಲ್ಲಿ ಮಾತ್ರ ಸ್ಕ್ರೂ ಹೊಡೀರಿ, ಡ್ರಾಯರ್ ಹಾಕಿ ಆಡಿಸಿ ನೋಡಿ, ಸರಿ ಅನಿಸಿದ ಮೇಲೆ ಉಳಿದ ಸ್ಕ್ರೂ. ಹಳೇದು ಬಿಳಿ ಪೇಂಟಿನ ರೋಲರ್ ಚಾನೆಲ್ (ಪ್ಲಾಸ್ಟಿಕ್ ಚಕ್ರ ಇರೋದು) ಆಗಿದ್ರೆ ಪಕ್ಕದ ಜಾಗ ಹೆಚ್ಚುಕಮ್ಮಿ ಅಷ್ಟೇ ಕೇಳತ್ತೆ, ಟೆಲಿಸ್ಕೋಪಿಕ್‌ಗೆ ಬದಲಾಯಿಸಬಹುದು, ಆದ್ರೆ ರೋಲರ್ ಡ್ರಾಯರಿನ ತಳಕ್ಕೆ ಹೊಡೆದಿರ್ತಾರೆ, ಹೊಸದು ಪಕ್ಕದ ಮಧ್ಯಕ್ಕೆ ಬರತ್ತೆ, ತೂತೆಲ್ಲಾ ಹೊಸದಾಗೇ ಮಾಡಬೇಕು.

ಚಾನೆಲ್ ಬಿಗಿ ಆಯ್ತು ಅಂತ ಅಡುಗೆ ಎಣ್ಣೆ ಬಿಡೋದು ಮಾತ್ರ ಬೇಡ. ಅದು ಅಂಟಾಗಿ ಹಿಟ್ಟು, ಧೂಳು ಎಲ್ಲಾ ಹಿಡ್ಕೊಂಡು ಬೇರಿಂಗ್ ನಿಲ್ಲಿಸ್ಬಿಡತ್ತೆ. ಒಣ ಬಟ್ಟೇಲಿ ಒರೆಸಿ, ಬೇಕಿದ್ರೆ ಸ್ವಲ್ಪ ಸಿಲಿಕಾನ್ ಸ್ಪ್ರೇ.

8. ಮೇಲಕ್ಕೆ ತೆಗೆಯೋ ಶಟರಿನ ಪಂಪ್

ಕೆಲವು ಮನೇಲಿ ಮೇಲಿನ ಕಬೋರ್ಡ್ ಶಟರ್ ಮೇಲಕ್ಕೆ ಏಳತ್ತೆ, ಅದನ್ನ ಹಿಡಿದಿರೋದು ಗ್ಯಾಸ್ ಪಂಪ್, ಹೈಡ್ರಾಲಿಕ್ ಅಂತಾನೂ ಕರೀತಾರೆ. ಬಾಗಿಲು ತಾನಾಗೇ ಕೆಳಗೆ ಬೀಳ್ತಿದ್ರೆ ತಡ ಮಾಡ್ಬೇಡಿ, ಒಲೆ ಮುಂದೆ ನಿಂತಿರೋರ ತಲೆ ಮೇಲೇ ಬೀಳೋದು. ಪಂಪ್ ಮೇಲೆ 60ಎನ್, 80ಎನ್, 100ಎನ್ ಅಂತ ಅಚ್ಚಾಗಿರತ್ತೆ, ಅದು ಎಷ್ಟು ಬಲ ಎತ್ತತ್ತೆ ಅನ್ನೋ ಲೆಕ್ಕ. ಅದೇ ನಂಬರಿನದೇ ತನ್ನಿ, ಎರಡಿದ್ರೆ ಎರಡೂ ಒಟ್ಟಿಗೆ ಬದಲಾಯಿಸಿ. ಜಾಸ್ತಿ ಬಲದ್ದು ಹಾಕಿದ್ರೆ ಬಾಗಿಲು ಮುಚ್ಚೋದೇ ಕಷ್ಟ ಆಗತ್ತೆ, ಹಿಂಜ್ ಸ್ಕ್ರೂ ಕಿತ್ತು ಬರತ್ತೆ. ಬಾಗಿಲು ಮುಚ್ಚಿದಾಗ ತೆಳ್ಳಗಿರೋ ಕಡ್ಡಿ ಕೆಳಗಡೆಗೆ ಬರೋ ಹಾಗೆ ಕೂರಿಸಿ, ಒಳಗಿನ ಸೀಲ್‌ಗೆ ಎಣ್ಣೆ ತಾಗ್ತಾ ಇರತ್ತೆ. ಪಂಪ್ ಬಿಚ್ಚುವಾಗ ಇನ್ನೊಬ್ರು ಶಟರನ್ನ ಎರಡೂ ಕೈಯಲ್ಲಿ ಹಿಡ್ಕೊಂಡಿರ್ಲಿ. ಹಳೇ ಪಂಪನ್ನ ಕೊರೆಯೋದು, ಬೆಂಕಿಗೆ ಹಾಕೋದು ಯಾವತ್ತೂ ಮಾಡ್ಬೇಡಿ, ಒಳಗೆ ಒತ್ತಡದ ಗ್ಯಾಸ್ ಇರತ್ತೆ.

9. ಹಾಕಿದ ಮೇಲೆ

ಹೊಸ ಹಿಂಜ್ ಕೆಲವೇ ತಿಂಗಳಲ್ಲಿ ತುಕ್ಕು ಹಿಡೀತು ಅನ್ನೋರ ಮನೇಲಿ ನಾನು ಮೊದಲು ಕೇಳೋದು, ಆ್ಯಸಿಡ್ ಹಾಕಿ ಟೈಲ್ಸ್ ತೊಳೆಸಿದ್ರಾ ಅಂತ. ಆ್ಯಸಿಡ್ ಆವಿ ಕಬೋರ್ಡ್ ಒಳಗೆ ಹೋಗಿ ಹಿಂಜ್ ಮೇಲಿನ ಕೋಟಿಂಗ್ ತಿನ್ನತ್ತೆ, ಎಸ್ಎಸ್ ಹಿಂಜನ್ನೂ ಬಿಡಲ್ಲ. ಗೃಹಪ್ರವೇಶಕ್ಕೆ ಮುಂಚೆ ಟೈಲ್ಸ್ ತೊಳೆಯೋದಿದ್ರೆ ಹಾರ್ಡ್‌ವೇರ್ ಹಾಕೋ ಮೊದಲೇ ಮುಗಿಸಿ. ಸಿಂಕ್ ಕೆಳಗೆ ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಕ್ಲೀನರ್ ಇಡೋ ಅಭ್ಯಾಸ ಇದ್ರೆ ಅದನ್ನ ಬೇರೆ ಕಡೆ ಇಡಿ. ಒರೆಸೋಕೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಬೆರೆಸಿದ ನೀರು, ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ ಸಾಕು. ಕುಕ್ಕರ್ ವಿಷಲ್ ನೇರ ಮೇಲಿನ ಕಬೋರ್ಡಿಗೆ ಬಡಿಯೋ ಹಾಗಿದ್ರೆ ಕುಕ್ಕರ್ ಜಾಗ ಬದಲಾಯಿಸಿ.

ಬಾಡಿಗೆ ಮನೇಲಿರೋರು ಹಳೇ ಹ್ಯಾಂಡಲ್, ಹಳೇ ಸ್ಕ್ರೂ ಎಲ್ಲಾ ಕವರಲ್ಲಿ ಹಾಕಿ, ಮೇಲೆ ಯಾವ ಶಟರಿಂದು ಅಂತ ಬರೆದು ಲಾಫ್ಟ್ ಮೇಲಿಡಿ, ಖಾಲಿ ಮಾಡುವಾಗ ನಿಮ್ಮದು ಬಿಚ್ಕೊಂಡು ಅವರದ್ದು ಹಾಕಿ ಹೋಗಬಹುದು. ಸ್ವಂತ ಮನೆಯವರು ಹೊಸ ಹಿಂಜಿನ ಖಾಲಿ ಬಾಕ್ಸಿನ ಲೇಬಲ್ ಕತ್ತರಿಸಿ ಕಬೋರ್ಡಿನ ಒಳಗಡೆ ಬಾಗಿಲಿಗೇ ಅಂಟಿಸಿ, ಮಾಡೆಲ್ ನಂಬರ್, ಕ್ರ್ಯಾಂಕ್ ಎಲ್ಲಾ ಅದ್ರಲ್ಲೇ ಇರತ್ತೆ. ಹಾಕಿ ಎರಡು ವಾರ ಆದ್ಮೇಲೆ ಒಂದ್ಸಲ ಎಲ್ಲಾ ಸ್ಕ್ರೂನೂ ಕೈಯಲ್ಲಿ ಬಿಗಿ ಮಾಡಿ ನೋಡಿ, ಹೊಸದ್ರಲ್ಲಿ ಒಂದೆರಡು ಸಡಿಲ ಆಗೇ ಆಗತ್ತೆ, ಆಮೇಲೆ ವರ್ಷಕ್ಕೊಂದ್ಸಲ ಸಾಕು.